ಮೊದಲ ಕೊಯ್ಲಿನ ನಂತರ ಚಿಪ್ಪಣಬೆ ಬೆಡ್ ಹಸಿರಾಗುವುದೇಕೆ?

ಪ್ರಶ್ನೆ: ನಾವು ಸಾಗರ ತಾಲ್ಲೂಕಿನವರು. ಕಳೆದ ಜುಲೈ ತಿಂಗಳಲ್ಲಿ ಮನೆಖರ್ಚಿಗೆಂದು ಆರು ಚೀಲ ಚಿಪ್ಪಣಬೆ ಹಾಕಿದ್ದೆ. ಚೀಲವೊಂದಕ್ಕೆ ಒಂದು ಕಿಲೋ ಒಣ ಭತ್ತದ ಹುಲ್ಲಿನ ಲೆಕ್ಕ. ಮೂರು ಚೀಲಗಳಿಗೆ ಇಳುವರಿ ಹೆಚ್ಚಲೆಂದು ಎರಡೆರಡು ಹಿಡಿ ಅಕ್ಕಿ ತೌಡನ್ನೂ ಸೇರಿಸಿದ್ದೆ. ಎಲ್ಲವನ್ನೂ ಸೌದೆ ಕೊಟ್ಟಿಗೆಯಲ್ಲಿ ತೂಗುಹಾಕಿದ್ದೆ. ಮೊದಲ ಬೆಳೆ ಚೀಲಕ್ಕೆ ಸುಮಾರು 400 ಗ್ರಾಂ ಬಂತು, ಚಾಕುವಿನಿಂದ ಕೊಯ್ದುಕೊಂಡೆ. ಬಳಿಕ ವಿಡಿಯೋವೊಂದರಲ್ಲಿ ತೋರಿಸಿದಂತೆ ಚೀಲಗಳನ್ನು ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟೆ. ವಾರದೊಳಗೆ ನಾಲ್ಕು ಚೀಲಗಳು ಹಸಿರು ಬೂಷ್ಟು ಹಿಡಿದವು. ತೌಡು ಹಾಕಿದ ಮೂರೂ ಅದರಲ್ಲಿ ಸೇರಿವೆ. ಸಣ್ಣ ಕಪ್ಪು ನೊಣಗಳೂ ಹಾರಾಡುತ್ತಿದ್ದವು. ಎರಡನೇ, ಮೂರನೇ ಬೆಳೆಗೆ ಬೆಡ್ ಅನ್ನು, ಅಂದರೆ ಈ ಹುಲ್ಲಿನ ಚೀಲವನ್ನು, ಹೇಗೆ ಸಿದ್ಧಪಡಿಸಬೇಕು? ಬೂಷ್ಟು ಬಂದ ಚೀಲದಲ್ಲಿ ಹುಟ್ಟಿದ ಅಣಬೆಯನ್ನು ತಿನ್ನಬಹುದೇ? ಚೆನ್ನಾಗಿರುವ ಚೀಲದ ಒಂದು ತುಂಡನ್ನೇ ಹೊಸ ಚೀಲಕ್ಕೆ ಬೀಜವಾಗಿ ಬಳಸಬಹುದೇ?

ಉತ್ತರ: ನಿಮ್ಮ ಪತ್ರವನ್ನು ಓದಿದಾಗ ಮೊದಲು ಗಮನಕ್ಕೆ ಬಂದದ್ದು ಆ 400 ಗ್ರಾಂ. ಒಂದು ಕಿಲೋ ಒಣ ಹುಲ್ಲಿಗೆ ಮೊದಲ ಕೊಯ್ಲಿನಲ್ಲೇ ಅಷ್ಟು ಬಂದಿದೆಯೆಂದರೆ ನಿಮ್ಮ ಬೀಜವೂ (ಕಾಳಿನ ಮೇಲೆ ಬೆಳೆಸಿದ ಅಣಬೆಯ ಎಳೆ) ಸರಿಯಿತ್ತು, ಹುಲ್ಲನ್ನು ಹದ ಮಾಡಿದ್ದೂ ಬಹುಮಟ್ಟಿಗೆ ಸರಿಯಿತ್ತು. ಬೆಡ್ ಹಾಳಾದದ್ದು ಆಮೇಲೆ, ಅದೂ ಕೊಯ್ಲಿನ ದಿನ ಮತ್ತು ಅದರ ಮರುದಿನ. ಎರಡನೇ ಬೆಳೆ ಕೈಕೊಟ್ಟಿತು ಎಂದು ದೂರುವವರಲ್ಲಿ ಹೆಚ್ಚಿನವರ ಕಥೆ ಇದೇ. ಕೊಯ್ದ ಗಾಯವನ್ನು ಹಾಗೆಯೇ ಬಿಟ್ಟು, ಅದರ ಮೇಲೆ ನೀರು ಸುರಿದಿರುತ್ತಾರೆ.

ನೀವು ನೋಡಿದ ವಿಡಿಯೋ ಸುಳ್ಳು ಹೇಳಿದೆ ಎಂದೇನೂ ಅಲ್ಲ, ಅದು ಬೇರೆ ಅಣಬೆಯ ಮಾತಾಗಿರಬೇಕು. ಮರದ ಹೊಟ್ಟನ್ನು ಒತ್ತಿ ಇಟ್ಟಿಗೆಯಂತೆ ಗಟ್ಟಿ ಮಾಡಿ ಅದರ ಮೇಲೆ ಬೆಳೆಸುವ ಶಿಟಾಕೆಯಂಥ ಅಣಬೆಗಳಿಗೆ ಒಂದು ಕೊಯ್ಲಾದ ಮೇಲೆ ಅರ್ಧ ದಿನದಿಂದ ಒಂದು ದಿನದವರೆಗೆ ತಣ್ಣೀರಿನಲ್ಲಿ ಮುಳುಗಿಸಿಡುವುದು ರೂಢಿ. ಆ ಗಟ್ಟಿ ದಿಂಡು ನೀರನ್ನು ನಿಧಾನವಾಗಿ ಹೀರುತ್ತದೆ, ಹೊರಗೆ ತೆಗೆದ ಕೂಡಲೇ ಮೇಲ್ಮೈ ಬಸಿದು ಆರುತ್ತದೆ. ಭತ್ತದ ಹುಲ್ಲಿನ ಚೀಲದ ಜಾಯಮಾನ ಬೇರೆ. ಹುಲ್ಲಿನ ಕಡ್ಡಿಗಳು ಟೊಳ್ಳು, ಕಡ್ಡಿ ಕಡ್ಡಿಯ ನಡುವೆ ಸಂದು. ಅಣಬೆಯ ಬಿಳಿ ಎಳೆಗಳು ಉಸಿರಾಡುವುದು ಆ ಸಂದುಗಳಲ್ಲಿರುವ ಗಾಳಿಯಿಂದ. ಅಲ್ಲಿ ಇಡೀ ದಿನ ನೀರು ನಿಂತರೆ ಎಳೆಗಳು ಉಸಿರುಕಟ್ಟಿ ಸೊರಗುತ್ತವೆ, ಗಾಳಿಯಿಲ್ಲದೆ ಬದುಕಬಲ್ಲ ಬ್ಯಾಕ್ಟೀರಿಯಾಗಳು ಬೆಳೆದು ಹುಳಿ ವಾಸನೆ ಹುಟ್ಟುತ್ತದೆ, ಆ ವಾಸನೆಗೆ ನೊಣ ಬರುತ್ತದೆ. ನಿಮ್ಮಲ್ಲಿ ಚೀಲದ ಪ್ಲಾಸ್ಟಿಕ್ ಕೂಡ ಹಾಗೆಯೇ ಇದ್ದಿರಬೇಕು, ತಳದಲ್ಲಿ ತೂತುಗಳಿಲ್ಲದಿದ್ದರೆ ಹೊಕ್ಕ ನೀರು ಅಲ್ಲೇ ಉಳಿದಿರುತ್ತದೆ. ಸಾಗರದ ಜುಲೈ ಎಂದರೆ ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಕಾಲ. ಅಂಥ ಹವೆಯಲ್ಲಿ ಬೆಡ್ ತಾನಾಗಿ ಕಳೆದುಕೊಳ್ಳುವ ನೀರೇ ಕಡಿಮೆ.

ಇನ್ನು ಹಸಿರು ಬೂಷ್ಟಿನ ವಿಷಯ. ನೀವು ವರ್ಣಿಸಿದ ಲಕ್ಷಣಕ್ಕೆ ಹೊಂದುವುದು ಟ್ರೈಕೋಡರ್ಮಾ ಎಂಬ ಶಿಲೀಂಧ್ರ. ಮಲೆನಾಡಿನಲ್ಲಿ ಈ ಹೆಸರನ್ನು ಕೇಳದ ತೋಟದ ಮನೆಯಿಲ್ಲ, ಏಕೆಂದರೆ ಕಾಳುಮೆಣಸಿನ ಸೊರಗು ರೋಗಕ್ಕೂ ಶುಂಠಿಯ ಕೊಳೆ ರೋಗಕ್ಕೂ ನಾವು ಬೇವಿನ ಹಿಂಡಿ ಮತ್ತು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಬುಡಕ್ಕೆ ಹಾಕುವುದು ಅದನ್ನೇ. ಬೇರೆ ಶಿಲೀಂಧ್ರಗಳನ್ನು ತಿಂದು ಬದುಕುವ ಗುಣ ಅದಕ್ಕಿರುವುದರಿಂದಲೇ ತೋಟದಲ್ಲಿ ಅದು ಮಿತ್ರ. ಆದರೆ ಅಣಬೆಯೂ ಒಂದು ಶಿಲೀಂಧ್ರವೇ ಅಲ್ಲವೇ? ತೋಟದ ಕಾವಲುಗಾರ ಅಣಬೆ ಮನೆಗೆ ಕಳ್ಳನಾಗಿ ಬರುತ್ತಾನೆ. ನೀವು ಬರೆದಿಲ್ಲ, ಆದರೆ ನಿಮ್ಮ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಅಂಥದ್ದೊಂದು ಪೊಟ್ಟಣವೋ, ಅದನ್ನು ಬೆರೆಸಿದ ಗೊಬ್ಬರದ ರಾಶಿಯೋ ಇದೆಯೇ ಎಂದು ಒಮ್ಮೆ ನೋಡಿ. ಇಲ್ಲದಿದ್ದರೂ ಹಸಿ ಸೌದೆ, ತೊಗಟೆ, ಅಡಿಕೆ ಸಿಪ್ಪೆ, ಮಣ್ಣಿನ ನೆಲ ಇವೆಲ್ಲ ಈ ಬೂಷ್ಟಿನ ತವರುಮನೆ. ಗೊಬ್ಬರ ಬೆರೆಸಿದವರು ಅದೇ ಬಟ್ಟೆಯಲ್ಲಿ ಬಂದು ಬೆಡ್ ಮುಟ್ಟಬಾರದು. ಔಷಧಿ ಹೊಡೆಯುವ ಪಂಪಿನಿಂದ ಬೆಡ್‌ಗೆ ನೀರು ಸಿಂಪಡಿಸಬಾರದು, ಎಷ್ಟೇ ತೊಳೆದಿದ್ದರೂ ಬೇಡ. ಬಟ್ಟೆಗೆ ಇಸ್ತ್ರಿ ಮಾಡುವಾಗ ಬಳಸುವ ಸಣ್ಣ ಕೈಪಂಪು ಇದಕ್ಕೆ ಸಾಕು.

ತೌಡಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಹದ ಮಾಡಿದ ಹುಲ್ಲು ಬಡವರ ಊಟ, ಚಿಪ್ಪಣಬೆಗೆ ಅದು ಸಾಕು, ಬೂಷ್ಟಿಗೆ ಅಷ್ಟಾಗಿ ರುಚಿಸದು. ತೌಡು ಎಲ್ಲರಿಗೂ ರುಚಿ. ತೌಡು ಸೇರಿಸಿದ ಚೀಲವನ್ನು ಪ್ರಯೋಗಾಲಯದಲ್ಲಿ ಮಾಡುವಂತೆ ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕಾಗುತ್ತದೆ, ಹಂಡೆಯ ಬಿಸಿನೀರು ಸಾಲದು. ಮನೆಯಲ್ಲಿ ಬೆಳೆಯುವವರು ತೌಡನ್ನು ದನಕ್ಕೆ ಹಾಕುವುದೇ ಮೇಲು.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಎರಡನೇ ಬೆಳೆಯ ಸಿದ್ಧತೆ ಮೊದಲ ಕೊಯ್ಲಿನ ಕೈಚಳಕದಿಂದಲೇ ಶುರುವಾಗುತ್ತದೆ. ಚಿಪ್ಪಣಬೆಯನ್ನು ಚಾಕುವಿನಿಂದ ಕೊಯ್ಯಬೇಡಿ. ಗೊಂಚಲಿನ ಬುಡವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಅಂಗೈಯನ್ನು ಬೆಡ್‌ಗೆ ಒತ್ತಿ ಹಿಡಿದು, ಬಾಟಲಿಯ ಬಿರಡೆ ತಿರುಗಿಸುವಂತೆ ತಿರುವಿದರೆ ಗೊಂಚಲು ಬುಡಸಮೇತ ಕಳಚಿಕೊಳ್ಳುತ್ತದೆ. ಚಾಕು ಹಾಕಿದಾಗ ಒಳಗೆ ಉಳಿಯುವ ಬೆರಳುಗಾತ್ರದ ಕಾಂಡದ ಮೋಟು ತಿರುಳಿನಿಂದ ತುಂಬಿದ್ದು, ಒದ್ದೆಯಾಗಿದ್ದು, ಎರಡು ಮೂರು ದಿನಗಳಲ್ಲಿ ಹಳದಿ ತಿರುಗಿ ಲೋಳೆಯಾಗುತ್ತದೆ. ಬೂಷ್ಟು ಮೊದಲು ಕೂರುವುದೂ ನೊಣ ಮೊದಲು ಮೊಟ್ಟೆ ಇಡುವುದೂ ಆ ಮೋಟಿನ ಮೇಲೆ. ನಿಮ್ಮ ಉಳಿದ ಎರಡು ಚೀಲಗಳಲ್ಲಿ ಅಣಬೆ ಹೊರಬಂದ ತೂತುಗಳನ್ನು ಇವತ್ತೇ ಬೆಳಕಿಗೆ ಹಿಡಿದು ನೋಡಿದರೆ ಅಂಥ ಮೋಟುಗಳು ಕಂಡೇ ಕಾಣುತ್ತವೆ.

ಕೊಯ್ಲಿನ ಸಮಯವೂ ಮುಖ್ಯ. ಅಣಬೆಯ ಅಂಚು ಇನ್ನೂ ಸ್ವಲ್ಪ ಕೆಳಮುಖವಾಗಿ ಬಾಗಿರುವಾಗಲೇ ಕೀಳಬೇಕು. ಅಂಚು ಮೇಲೆದ್ದು ತಟ್ಟೆಯಂತೆ ಹರಡಿದರೆ ಅದು ಬಿಳಿ ಪುಡಿಯನ್ನು, ಅಂದರೆ ಬೀಜಕಣಗಳನ್ನು ಚೆಲ್ಲಲು ತೊಡಗುತ್ತದೆ. ಆ ಪುಡಿ ಪಕ್ಕದ ಚೀಲಗಳ ಮೇಲೆಲ್ಲ ಕೂರುವುದಲ್ಲದೆ, ಮುಚ್ಚಿದ ಕೋಣೆಯಲ್ಲಿ ದಿನವೂ ಅದನ್ನು ಉಸಿರಾಡಿದವರಿಗೆ ಕೆಮ್ಮು, ಜ್ವರ, ಶ್ವಾಸಕೋಶದ ಅಲರ್ಜಿ ಬರುವುದುಂಟು. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಅವರನ್ನು ಅಣಬೆ ಕೋಣೆಗೆ ಬಿಡಬೇಡಿ. ನೀವೂ ಮೂಗಿಗೆ ಮಾಸ್ಕ್ ಹಾಕಿಕೊಂಡೇ ಕೊಯ್ಲು ಮಾಡಿ.

ಒಂದು ಚೀಲದ ಮೊದಲ ಬೆಳೆಯನ್ನೆಲ್ಲ ಒಂದೇ ದಿನ ತೆಗೆದುಬಿಡುವುದು ಒಳ್ಳೆಯದು, ಚಿಕ್ಕವು ದೊಡ್ಡದಾಗಲಿ ಎಂದು ಕಾಯುವುದರಲ್ಲಿ ಲಾಭವಿಲ್ಲ. ದೊಡ್ಡದನ್ನು ಕಿತ್ತ ಗೊಂಚಲಿನಲ್ಲಿ ಉಳಿದ ಮೊಗ್ಗುಗಳು ಹೆಚ್ಚಾಗಿ ಅಲ್ಲೇ ಬಾಡಿ ಕೊಳೆಯುತ್ತವೆ. ಎಲ್ಲ ಕಿತ್ತ ಮೇಲೆ ಕೈಯನ್ನು ಸೋಪಿನಿಂದ ತೊಳೆದು ಒರೆಸಿಕೊಂಡು, ಒಂದು ಚಮಚವನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದು, ಪ್ರತಿಯೊಂದು ತೂತಿನ ಬಾಯಿಯಲ್ಲಿ ಉಳಿದಿರುವ ಮೋಟು, ಬಾಡಿದ ಮೊಗ್ಗು, ಹಳದಿ ಸಿಪ್ಪೆ ಎಲ್ಲವನ್ನೂ ಕೆರೆದು ತೆಗೆಯಬೇಕು. ಪ್ಲಾಸ್ಟಿಕ್ ಪೂರ್ತಿ ಬಿಚ್ಚಿ ಬೆಳೆಯುವವರು ಬೆಡ್‌ನ ಹೊರಮೈಯನ್ನೆಲ್ಲ ಅರ್ಧದಿಂದ ಒಂದು ಸೆಂಟಿಮೀಟರ್ ದಪ್ಪ ಕೆರೆಯುತ್ತಾರೆ. ದಣಿದ ಆ ತೊಗಲು ಹೋದರೆ ಒಳಗಿನ ಹೊಸ ಎಳೆಗಳಿಗೆ ಗಾಳಿ ತಗಲಿ ಅವು ಮತ್ತೆ ಮೊಗ್ಗು ಕಟ್ಟಲು ಹೊರಡುತ್ತವೆ. ಮಲೆನಾಡಿನ ಮಳೆಗಾಲಕ್ಕೆ ನನ್ನ ಸಲಹೆ ಸ್ವಲ್ಪ ಬೇರೆ. ಮೊದಲ ಬೆಳೆಯ ನಂತರ ಪ್ಲಾಸ್ಟಿಕ್ ಇರಲಿ, ತೂತಿನ ಬಾಯಿಗಳನ್ನು ಮಾತ್ರ ಶುಚಿ ಮಾಡಿ, ತಳದಲ್ಲಿ ಐದಾರು ತೂತು ಹೊಡೆದು ನೀರು ಬಸಿಯಲು ದಾರಿ ಮಾಡಿ. ಎರಡನೆಯದಾದ ಮೇಲೆ ಪ್ಲಾಸ್ಟಿಕ್ ಬಿಚ್ಚಿ ಹೊರಮೈ ಕೆರೆದು ಮೂರನೆಯದಕ್ಕೆ ಬಿಡಿ. ಚಿತ್ರದುರ್ಗ, ಬಳ್ಳಾರಿ ಕಡೆಯ ಒಣ ಹವೆಯಲ್ಲಾದರೆ ಕೊನೆಯವರೆಗೂ ಪ್ಲಾಸ್ಟಿಕ್ ಬಿಚ್ಚದಿರುವುದೇ ಕ್ಷೇಮ.

ಕೆರೆದ ದಿನವೂ ಮರುದಿನವೂ ನೀರು ಬೇಡ. ಗಾಯ ಒಣಗಬೇಕು. ಎರಡು ದಿನ ಕಳೆದು ನೋಡಿದರೆ ಕೆರೆದ ಜಾಗದ ಮೇಲೆ ಹತ್ತಿಯ ತೆಳುವಾದ ಪದರದಂತೆ ಬಿಳಿ ಎಳೆಗಳು ಹೊಸದಾಗಿ ಮುಚ್ಚಿಕೊಂಡಿರುತ್ತವೆ. ಅದು ಕಂಡ ಮೇಲೆಯೇ ನೀರಿನ ಮಾತು.

ನೀರು ಎಷ್ಟು? ಇಲ್ಲಿ ಎಲ್ಲರೂ ಕಣ್ಣಳತೆ ನಂಬುತ್ತಾರೆ, ನಾನು ತಕ್ಕಡಿ ನಂಬುತ್ತೇನೆ. ಒಂದು ಕಿಲೋ ಒಣ ಹುಲ್ಲು ಹದವಾಗಿ ನೆನೆದಾಗ ಸುಮಾರು ಮೂರು ಕಿಲೋ ತೂಗುತ್ತದೆ. ಬೀಜ ಹಾಕಿದ ದಿನವೇ ಪ್ರತಿ ಚೀಲವನ್ನೂ ತೂಗಿ, ತೂಕವನ್ನು ಚೀಲದ ಮೇಲೆ ಬರೆದಿಡಿ. ಅಣಬೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ, ಹಾಗಾಗಿ 400 ಗ್ರಾಂ ಕಿತ್ತಾಗ ಬೆಡ್ ಸುಮಾರು 360 ಗ್ರಾಂ ನೀರನ್ನು ಕೊಟ್ಟಿದೆ, ಆವಿಯಾದದ್ದು ಬೇರೆ. ಕೊಯ್ಲಿನ ನಂತರ ಚೀಲ 2 ಕಿಲೋ 200 ಗ್ರಾಂ ತೂಗಿತು ಎನ್ನೋಣ. ಅದನ್ನು ಮತ್ತೆ ಮೂರು ಕಿಲೋಗೆ ತರಲು ಹೋಗಬಾರದು, ಏಕೆಂದರೆ ಅಣಬೆ ತಿಂದದ್ದು ನೀರನ್ನಷ್ಟೇ ಅಲ್ಲ, ಹುಲ್ಲನ್ನೂ ತಿಂದಿದೆ. 2 ಕಿಲೋ 400 ಗ್ರಾಂ ಆಸುಪಾಸಿಗೆ ಬಂದರೆ ಸಾಕು, ಅದೂ ಮೂರು ನಾಲ್ಕು ದಿನಗಳಲ್ಲಿ, ಬೆಳಿಗ್ಗೆ ಸಂಜೆ ಮಂಜಿನಂತೆ ಸಿಂಪಡಿಸುತ್ತ. ತಕ್ಕಡಿ ಇಲ್ಲದವರು ತೂತಿನಿಂದ ನಾಲ್ಕು ಕಡ್ಡಿ ಹಿಸಿದು ಬೆರಳುಗಳ ನಡುವೆ ಹಿಂಡಿ ನೋಡಲಿ. ಬೆರಳು ತೇವವಾಗಬೇಕು, ಹನಿ ಬೀಳಬಾರದು. ಬೇಸಿಗೆಯಲ್ಲಿ ಬೆಡ್ ತೀರಾ ಒಣಗಿ ಹಗುರಾಗಿದ್ದರೆ ಮಾತ್ರ ಶುದ್ಧವಾದ ತಣ್ಣೀರಿನಲ್ಲಿ ಹತ್ತು ನಿಮಿಷ ಅದ್ದಿ, ತಲೆಕೆಳಗಾಗಿ ಒಂದು ಗಂಟೆ ಬಸಿಯಲು ಬಿಡುವುದರಲ್ಲಿ ತಪ್ಪಿಲ್ಲ. ಒಂದು ಹಗಲು ಒಂದು ರಾತ್ರಿಯಂತೂ ಯಾವ ಕಾಲಕ್ಕೂ ಸಲ್ಲದು.

ಮಳೆಗಾಲದಲ್ಲಿ ಬಾವಿಯ ನೀರು ಕದಡಿರುತ್ತದೆ. ಕುದಿಸಿ ಆರಿಸಿದ ನೀರನ್ನೇ ಬಳಸಿ, ಆರು ಚೀಲಕ್ಕೆ ದಿನಕ್ಕೆ ಒಂದು ತಂಬಿಗೆ ಬೇಕಾದೀತು, ಅದೇನೂ ದೊಡ್ಡ ಕೆಲಸವಲ್ಲ. ಮೊಗ್ಗುಗಳು ಗುಂಡುಸೂಜಿಯ ತಲೆಯಷ್ಟು ಕಾಣಿಸಿಕೊಂಡ ಮೇಲೆ ನೀರನ್ನು ಅವುಗಳ ಮೇಲೆ ನೇರವಾಗಿ ಹೊಡೆಯದೆ ಸುತ್ತಲಿನ ಗಾಳಿಗೂ ನೆಲಕ್ಕೂ ಗೋಡೆಗೆ ಇಳಿಬಿಟ್ಟ ಗೋಣಿಚೀಲಕ್ಕೂ ಸಿಂಪಡಿಸಿ. ಸಿಂಪಡಿಸಿದ ನೀರು ಎರಡು ಮೂರು ಗಂಟೆಗಳಲ್ಲಿ ಅಣಬೆಯ ಮೈಮೇಲಿಂದ ಆರಬೇಕು. ಆರದಿದ್ದರೆ ಗಾಳಿ ಸಾಲದು ಎಂದರ್ಥ. ಹಾಗೆ ಸದಾ ಒದ್ದೆಯಾಗಿರುವ ಅಣಬೆಗಳ ಮೇಲೆ ಬ್ಯಾಕ್ಟೀರಿಯಾದಿಂದ ಹಳದಿ, ಕಂದು ಕಲೆಗಳು ಮೂಡುತ್ತವೆ. ಕಾಂಡ ಉದ್ದವಾಗಿ ತಲೆ ಚಿಕ್ಕದಾಗಿ ಬೆಳೆದರೂ ಅದು ಗಾಳಿಯ ಕೊರತೆಯದೇ ದೂರು. 20ರಿಂದ 28 ಡಿಗ್ರಿ ಉಷ್ಣತೆ, ನೂರಕ್ಕೆ 80ರಿಂದ 90ರಷ್ಟು ತೇವಾಂಶ, ದಿನಕ್ಕೆ ಕೆಲವು ಗಂಟೆ ಪುಸ್ತಕ ಓದುವಷ್ಟು ಬೆಳಕು, ಇಷ್ಟಿದ್ದರೆ ಕೆರೆದ ಏಳರಿಂದ ಹತ್ತು ದಿನಗಳಲ್ಲಿ ಎರಡನೇ ಮೊಗ್ಗು ಕಾಣುತ್ತದೆ. ಎರಡನೆಯದರಲ್ಲಿ ಮೊದಲಿನಷ್ಟು ಬರುವುದಿಲ್ಲ, ಮೂರನೆಯದರಲ್ಲಿ ಇನ್ನೂ ಕಡಿಮೆ. ನಾಲ್ಕನೆಯದಕ್ಕೆ ಆಸೆಪಡಬೇಡಿ. ಮೂರಾದ ಬೆಡ್ ಬರೀ ಬೂಷ್ಟಿಗೆ ಬಿಡದಿಯಾಗುತ್ತದೆ, ಪಕ್ಕದ ಹೊಸ ಚೀಲಗಳನ್ನೂ ಕೆಡಿಸುತ್ತದೆ.

ಬಿಳಿಯಾಗಿ ಕಾಣುವುದೆಲ್ಲ ಅಣಬೆಯೇ, ಬಣ್ಣ ಬಂದದ್ದೆಲ್ಲ ರೋಗವೇ ಎಂಬ ಗೊಂದಲ ಹಲವರಿಗಿದೆ. ಬೆಡ್‌ನ ಮೈಮೇಲೆ ಕೆಲವೊಮ್ಮೆ ಜೇನಿನ ಬಣ್ಣದ ಹನಿಗಳು ಕಾಣುತ್ತವೆ, ಅವು ಎಳೆಗಳೇ ಸ್ರವಿಸುವ ದ್ರವ, ಸ್ವಲ್ಪ ಇದ್ದರೆ ಹೆದರಬೇಕಿಲ್ಲ. ಟ್ರೈಕೋಡರ್ಮಾ ಕೂಡ ಮೊದಲ ಎರಡು ಮೂರು ದಿನ ಬೆಳ್ಳಗೇ ಇರುತ್ತದೆ, ಹಸಿರಾಗುವುದು ಬೀಜಕಣ ಕಟ್ಟಿದ ಮೇಲೆ. ಅನುಮಾನ ಬಂದಾಗ ಹತ್ತಿ ಸುತ್ತಿದ ಕಡ್ಡಿಯೊಂದನ್ನು ಒದ್ದೆ ಮಾಡಿ ಆ ಜಾಗವನ್ನು ಮೆಲ್ಲಗೆ ಒತ್ತಿ ನೋಡಿ. ಹತ್ತಿಗೆ ಹಸಿರೋ ಕಪ್ಪೋ ಪುಡಿ ಅಂಟಿದರೆ ಅದು ಬೂಷ್ಟು. ಸಣಕಲು ಕಾಂಡದ ಬೂದು ಬಣ್ಣದ ಕೊಡೆಯಂಥ ಅಣಬೆಗಳು ಎದ್ದು, ಒಂದೇ ದಿನದಲ್ಲಿ ಕರಗಿ ಶಾಯಿಯಂತೆ ಸುರಿದರೆ ಅದು ಬೇರೆ ಜಾತಿಯ ಕಳೆ ಅಣಬೆ. ನೀವು ಬಿತ್ತಿದ ಚಿಪ್ಪಣಬೆಯಲ್ಲದೆ ಬೆಡ್‌ನಲ್ಲಿ ಇನ್ನೇನು ಎದ್ದರೂ ಅದನ್ನು ಅಡುಗೆಮನೆಗೆ ತರಬೇಡಿ.

ಎರಡನೇ ಪ್ರಶ್ನೆಗೆ ಉತ್ತರ: ತಿನ್ನಬೇಡಿ. ಚೀಲದ ಒಂದು ಬದಿ ಹಸಿರಾಗಿ ಇನ್ನೊಂದು ಬದಿಯಲ್ಲಿ ಗೊಂಚಲು ಚೆನ್ನಾಗಿಯೇ ಎದ್ದಿರಬಹುದು, ಕಂಡಾಗ ಎಸೆಯಲು ಮನಸ್ಸು ಬರುವುದಿಲ್ಲ. ಆದರೂ ಅಂಥ ಬೆಡ್‌ನ ಅಣಬೆಯ ಮೇಲೆ ಕೂತಿರುವ ಕಣ್ಣಿಗೆ ಕಾಣದ ಪುಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಾಲ್ಕು ಚೀಲಗಳನ್ನೂ ಕೊಟ್ಟಿಗೆಯೊಳಗೆ ಬಿಚ್ಚಬೇಡಿ, ಅಲುಗಿಸಲೂ ಬೇಡಿ. ಒದ್ದೆ ಬಟ್ಟೆ ಹೊದಿಸಿ, ಇನ್ನೊಂದು ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿ ಬಾಯಿ ಕಟ್ಟಿ, ದೂರದ ಗೊಬ್ಬರ ಗುಂಡಿಗೆ ಒಯ್ದು ಅಲ್ಲಿ ಬಿಚ್ಚಿ ಹುಲ್ಲನ್ನು ಮಣ್ಣಿನಡಿ ಹೂಳಿ, ಪ್ಲಾಸ್ಟಿಕ್ಕನ್ನು ವಾಪಸು ತನ್ನಿ. ಮುಂದೆ ಎಂದಾದರೂ ಪೂರ್ತಿ ಬೆಳ್ಳಗಿರುವ ಗಟ್ಟಿ ಬೆಡ್‌ನಲ್ಲಿ ರೂಪಾಯಿ ನಾಣ್ಯದಷ್ಟು ಒಂದೇ ಒಂದು ಹಸಿರು ಚುಕ್ಕೆ ಕಂಡರೆ, ಅದನ್ನು ಹೊರಗೆ ಒಯ್ದು ಸುತ್ತಲೂ ಎರಡು ಅಂಗುಲ ಬಿಟ್ಟು ಕತ್ತರಿಸಿ ತೆಗೆದು, ಗಾಯಕ್ಕೆ ಸುಣ್ಣದ ಪುಡಿ ಹಚ್ಚಿ, ಬೇರೆ ಕಡೆ ಇಟ್ಟು ನೋಡಬಹುದು. ಮೂರು ದಿನಕ್ಕೆ ಮತ್ತೆ ಹಸಿರಾದರೆ ಗುಂಡಿಗೆ.

ಚೀಲದ ತುಂಡನ್ನು ಬೀಜ ಮಾಡಿಕೊಳ್ಳುವ ಆಸೆ ಸಹಜ, ಹೆಪ್ಪು ಹಾಕಿ ಮೊಸರು ಮಾಡುವವರಿಗೆ ಹಾಗೆ ತೋರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಬೆಳೆ ಕೊಟ್ಟ ಬೆಡ್ ಗಾಳಿಗೆ ತೆರೆದುಕೊಂಡು ತಿಂಗಳಾಗಿರುತ್ತದೆ. ಕಣ್ಣಿಗೆ ಬೆಳ್ಳಗಿದ್ದರೂ ಅದರಲ್ಲಿ ಬೂಷ್ಟಿನ ಕಣ, ನೊಣದ ಮೊಟ್ಟೆ, ನುಸಿ ಇರುವ ಸಂಭವ ಹೆಚ್ಚು, ದಣಿದ ಎಳೆಗಳ ಓಟವೂ ನಿಧಾನ. ಕಾಳಿನ ಮೇಲೆ ಬೆಳೆಸಿದ ಹೊಸ ಬೀಜವನ್ನೇ ತನ್ನಿ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜ ಸಿಗುತ್ತದೆ, ತರಬೇತಿಯೂ ಉಂಟು. ಖಾಸಗಿಯವರಲ್ಲಿ ಕೊಳ್ಳುವಾಗ ಪೊಟ್ಟಣವನ್ನು ಬೆಳಕಿಗೆ ಹಿಡಿದು ಎಲ್ಲ ಕಡೆ ನೋಡಿ. ನಾನು ಈ ಕೆಲಸಕ್ಕೆ ಕೈಹಾಕಿದ ಹೊಸತರಲ್ಲಿ ಮಾರಾಟಗಾರರೊಬ್ಬರು ಕೊಟ್ಟ ಪೊಟ್ಟಣದ ಮೂಲೆಯಲ್ಲಿ ಮೆಂತ್ಯದ ಕಾಳಿನಷ್ಟು ಹಸಿರು ಕಂಡಿತ್ತು. ಅಷ್ಟನ್ನು ಚಮಚದಿಂದ ತೆಗೆದುಹಾಕಿ ಉಳಿದದ್ದನ್ನು ಹತ್ತು ಚೀಲಕ್ಕೆ ಹಾಕಿದೆ. ಹನ್ನೆರಡನೇ ದಿನಕ್ಕೆ ಎಂಟು ಚೀಲ ಹಸಿರಾಗಿದ್ದವು. ತಪ್ಪು ಕೊಟ್ಟವರದ್ದಷ್ಟೇ ಅಲ್ಲ, ಕಂಡೂ ಹಾಕಿದ ನನ್ನದೂ ಹೌದು.

ನೊಣದ ಬಗ್ಗೆ ಒಂದು ಮಾತು. ಎರಡು ಮೂರು ಮಿಲಿಮೀಟರಿನ ಆ ಕಪ್ಪು ನೊಣ ಸೊಳ್ಳೆಪರದೆಯ ಕಣ್ಣುಗಳಲ್ಲಿ ಸಲೀಸಾಗಿ ನುಸುಳುತ್ತದೆ, ಅದಕ್ಕಿಂತ ಒತ್ತಾದ ನೈಲಾನ್ ಜಾಲರಿ ಬೇಕು. ಅದರ ಮರಿಹುಳುಗಳು ಎಳೆಗಳನ್ನು ತಿನ್ನುವುದು ಒಂದು ನಷ್ಟ. ಕಾಲಿಗೆ ಅಂಟಿಸಿಕೊಂಡ ಹಸಿರು ಪುಡಿಯನ್ನು ಒಂದು ಚೀಲದಿಂದ ಇನ್ನೊಂದಕ್ಕೆ ಸಾಗಿಸುವುದು ಅದಕ್ಕಿಂತ ದೊಡ್ಡ ನಷ್ಟ. ಹಳದಿ ರಟ್ಟಿಗೆ ಹರಳೆಣ್ಣೆ ಬಳಿದು ಚೀಲಗಳ ಮಟ್ಟಕ್ಕೆ ತೂಗುಹಾಕಿದರೆ ಬಹಳಷ್ಟು ಅಂಟಿಕೊಂಡು ಸಾಯುತ್ತವೆ. ತಿನ್ನುವ ಬೆಳೆಯ ಮೇಲೆ ಕೀಟನಾಶಕ ಬೇಡ.

ಮುಂದಿನ ಸಲ ಹಾಕುವಾಗ ಹುಲ್ಲಿನಿಂದಲೇ ಎಚ್ಚರ ಶುರುವಾಗಲಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐಯಲ್ಲಿ ವಿಜ್ಞಾನಿಗಳಾದ ಬಾನೋ ಮತ್ತು ಶ್ರೀವಾಸ್ತವ ಅವರು 1962ರಲ್ಲಿ ಭತ್ತದ ಹುಲ್ಲಿನ ಮೇಲೆ ಚಿಪ್ಪಣಬೆ ಬೆಳೆದು ತೋರಿಸಿದ ಕಾಲದಿಂದಲೂ ನಮ್ಮ ಕಡೆ ಈ ಹುಲ್ಲೇ ಮೊದಲ ಆಯ್ಕೆ. ಆದರೆ ಅದು ಆ ವರ್ಷದ್ದಾಗಿರಬೇಕು, ಮಳೆಗೆ ನೆನೆಯದೆ ಹೊಂಬಣ್ಣದಲ್ಲಿರಬೇಕು. ಮಲೆನಾಡಿನಲ್ಲಿ ಜುಲೈ ವೇಳೆಗೆ ಬಣವೆಯ ಹೊರಸುತ್ತು ಕಪ್ಪಾಗಿರುತ್ತದೆ, ಅದನ್ನು ಬಿಟ್ಟು ಒಳಗಿನದನ್ನು ಎಳೆದುಕೊಳ್ಳಿ. ಎರಡು ಅಂಗುಲಕ್ಕೂ ಸ್ವಲ್ಪ ಚಿಕ್ಕದಾಗಿ ಕತ್ತರಿಸಿ, ರಾತ್ರಿಯಿಡೀ ನೆನೆಸಿ, ಬಸಿದು, ಗೋಣಿಚೀಲದಲ್ಲಿ ತುಂಬಿ, 80 ಡಿಗ್ರಿಯ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಿ. ಥರ್ಮಾಮೀಟರ್ ಇಲ್ಲದಿದ್ದರೆ ಹಂಡೆಯ ತಳದಿಂದ ಸಣ್ಣ ಗುಳ್ಳೆಗಳು ಏಳುತ್ತ, ನೀರು ಇನ್ನೂ ಮರಳದಿರುವ ಹದ. ಕಲ್ಲು ಹೇರಿ ಪೂರ್ತಿ ಮುಳುಗಿಸಬೇಕು, ನೀರಿನ ಮೇಲೆ ತೇಲಿದ ಒಂದು ಹಿಡಿ ಹುಲ್ಲು ಸಾಕು ಇಡೀ ಚೀಲ ಕೆಡಲು. ಫಾರ್ಮಲಿನ್ ಎಂಬ ಸೋಂಕುನಿವಾರಕ ಮತ್ತು ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಬೆರೆಸಿದ ನೀರಿನಲ್ಲಿ ಹುಲ್ಲು ನೆನೆಸುವ ವಿಧಾನವೂ ಚಾಲ್ತಿಯಲ್ಲಿದೆ, ಆದರೆ ಫಾರ್ಮಲಿನ್ ಕ್ಯಾನ್ಸರ್‌ಕಾರಕ, ಆರು ಚೀಲ ಹಾಕುವ ಮನೆಯಲ್ಲಿ ಅದು ಇರಬಾರದು. ತಣಿದ ಹುಲ್ಲನ್ನು ಸೋಪುನೀರಿನಿಂದ ಒರೆಸಿದ ಜಗಲಿಯ ಮೇಲೆ, ಫ್ಯಾನ್ ಆರಿಸಿ, ತೊಳೆದ ಕೈಗಳಿಂದ ಚೀಲಕ್ಕೆ ಪದರ ಪದರವಾಗಿ ತುಂಬಿ. ಪ್ರತಿ ಕಿಲೋ ಒಣ ಹುಲ್ಲಿಗೆ 100ರಿಂದ 150 ಗ್ರಾಂ ಬೀಜ ಹಾಕಿದರೆ ಎಳೆಗಳು ಬೇಗ ಹಬ್ಬಿ ಬೂಷ್ಟಿಗೆ ಜಾಗ ಉಳಿಯುವುದಿಲ್ಲ. ಹಬ್ಬುವ ದಿನಗಳಲ್ಲಿ ಚೀಲದ ಒಳಗೆ ಕಾವು ಏಳುವುದರಿಂದ ಒಂದಕ್ಕೊಂದು ತಾಗದಂತೆ ನಡುವೆ ಅಂಗೈ ಅಗಲ ಬಿಡಿ.

ಸೌದೆ ಕೊಟ್ಟಿಗೆಯನ್ನಂತೂ ಕೈಬಿಡಿ. ಸ್ನಾನದ ಕೋಣೆಯ ಪಕ್ಕದಲ್ಲಿ ಗಾರೆ ನೆಲದ, ಒಂದು ಕಿಟಕಿಯಿರುವ ಸಣ್ಣ ಜಾಗ ಸಿಕ್ಕಿದರೂ ಸಾಕು, ನೆಲ ಗೋಡೆಗಳನ್ನು ಬ್ಲೀಚಿಂಗ್ ಪೌಡರಿನ ನೀರಿನಿಂದ ತೊಳೆದು ಒಣಗಿಸಿಕೊಳ್ಳಿ. ಉಳಿದಿರುವ ನಿಮ್ಮ ಎರಡು ಚೀಲಗಳನ್ನು ತಳಕ್ಕೆ ತೂತು ಹೊಡೆದು, ಮೋಟು ಕೆರೆದು, ಅಲ್ಲಿಗೆ ಸ್ಥಳಾಂತರಿಸಿ ನಾಲ್ಕು ದಿನ ನೀರು ಹಾಕದೆ ಬಿಡಿ. ಮುಳುಗಿಸಿದ್ದರ ಹುಳಿ ವಾಸನೆ ಅಷ್ಟರಲ್ಲಿ ಹೋಗಿ ಹಸಿ ಅಣಬೆಯ ವಾಸನೆ ಮರಳಿದರೆ ಅವೆರಡರಲ್ಲಿ ಇನ್ನೂ ಬೆಳೆಯಿದೆ. ವಾಸನೆ ಹೋಗದಿದ್ದರೆ ಕಾಯಬೇಡಿ, ಅವನ್ನೂ ಗೊಬ್ಬರ ಗುಂಡಿಗೆ ಹಾಕಿ.